ಕೂಸುಗಳ ವಾಂತಿಭೇದಿ: ಚಕ್ರದಾಕಾರದ ವೈರಸ್ಸಿನ ಕಥೆ

"ಹಲ್ಲು ಬರೋ ಕಾಲ, ಅದಕ್ಕೇ ಭೇದಿ" ಎನ್ನುತ್ತಾರೆ ಮನೆಯ ಅಜ್ಜಿ. "ಯಾರದೋ ದೃಷ್ಟಿ ತಾಗಿದೆ" ಎನ್ನುತ್ತಾರೆ ಪಕ್ಕದ ಮನೆಯವರು. "ನೀರು ಬದಲಾದದ್ದಕ್ಕೆ ಹೀಗಾಯಿತು" ಎನ್ನುವುದು ಊರಿನಿಂದ ಬಂದ ನೆಂಟರ ತೀರ್ಮಾನ. ಒಂದು ವರ್ಷದ ಕೂಸು ಬೆಳಗಿನಿಂದ ನಾಲ್ಕು ಸಲ ವಾಂತಿ ಮಾಡಿ, ಮಧ್ಯಾಹ್ನದ ಹೊತ್ತಿಗೆ ನೀರಿನಂತೆ ಭೇದಿ ಶುರುವಾದಾಗ ಮನೆಯಲ್ಲಿ ಕೇಳಿಬರುವ ಮಾತುಗಳಿವು. ಅಷ್ಟರಲ್ಲಿ ಮನೆಯ ಯಜಮಾನರು ಔಷಧಿ ಅಂಗಡಿಗೆ ಓಡಿ, "ಭೇದಿ ನಿಲ್ಲೋದಕ್ಕೆ ಏನಾದರೂ ಕೊಡಿ" ಎಂದು ಕೇಳಿ, ಒಂದು ಆಂಟಿಬಯೋಟಿಕ್ ಬಾಟಲಿ ಹಿಡಿದು ಮರಳಿರುತ್ತಾರೆ.

ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳು, ಕೆಂಗೇರಿ ಹೀಗೆ ಜ್ಞಾನಭಾರತಿಯ ಸುತ್ತಮುತ್ತ ಇರುವ ನಮಗೆ ಇನ್ನೊಂದು ಸಿದ್ಧ ಉತ್ತರವೂ ಉಂಟು. ವಿಶ್ವವಿದ್ಯಾಲಯದ ಆವರಣದ ನಡುವೆಯೇ ವೃಷಭಾವತಿ ಹರಿಯುತ್ತದೆ. ನಗರದ ಪಶ್ಚಿಮ ಭಾಗದ ಕೊಳಚೆಯನ್ನೆಲ್ಲ ಹೊತ್ತು ಕೆಂಗೇರಿಯ ಕಡೆಗೆ ಸಾಗುವ ಈ ನದಿಯ ನಾತ ಮೂಗಿಗೆ ಬಡಿದಾಗ, ಮಕ್ಕಳ ಹೊಟ್ಟೆಯ ಕಾಯಿಲೆಗೆಲ್ಲ ಇದೇ ಕಾರಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಕೊಳಚೆ ನೀರು ರೋಗದ ತವರು ಎಂಬುದು ನಿಜ. ಕಾಲರಾ, ಟೈಫಾಯಿಡ್, ಕಾಮಾಲೆ ಎಲ್ಲವೂ ಆ ದಾರಿಯಲ್ಲಿ ಬರುತ್ತವೆ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಬರುವ ತೀವ್ರ ವಾಂತಿಭೇದಿಯ ಲೆಕ್ಕ ತೆಗೆದರೆ ಬೇರೊಂದು ಸಂಗತಿ ಕಾಣುತ್ತದೆ. ಲಸಿಕೆ ಬರುವ ಮೊದಲು, 2005ರಿಂದ 2009ರವರೆಗೆ ಭಾರತದ ಹಲವು ಆಸ್ಪತ್ರೆಗಳಲ್ಲಿ ಭೇದಿಯಿಂದ ದಾಖಲಾದ ಐದು ವರ್ಷದೊಳಗಿನ ಮಕ್ಕಳ ಮಲವನ್ನು ಪರೀಕ್ಷಿಸಿದಾಗ, ನೂರರಲ್ಲಿ ಸುಮಾರು 40 ಮಕ್ಕಳಲ್ಲಿ ಸಿಕ್ಕಿದ್ದು ಒಂದೇ ವೈರಸ್. ಅದರ ಹೆಸರು ರೋಟಾವೈರಸ್. ಶುದ್ಧ ನೀರು, ಒಳ್ಳೆಯ ಚರಂಡಿ ಇರುವ ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಲಸಿಕೆ ಬರುವವರೆಗೆ ಹೆಚ್ಚುಕಡಿಮೆ ಪ್ರತಿಯೊಂದು ಮಗುವಿಗೂ ಐದು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಇದು ತಗಲುತ್ತಿತ್ತು.

ಸೋಂಕು ಎಲ್ಲರಿಗೂ ಒಂದೇ. ಸಾವು ಮಾತ್ರ ಬಡವರ ಮನೆಗೆ. 2013ರಲ್ಲಿ ಜಗತ್ತಿನಾದ್ಯಂತ ರೋಟಾವೈರಸ್ಸಿನಿಂದ ಸತ್ತ ಮಕ್ಕಳ ಸಂಖ್ಯೆ ಸುಮಾರು 2 ಲಕ್ಷ 15 ಸಾವಿರ ಎಂದು ಅಂದಾಜು ಮಾಡಲಾಗಿದೆ. ಅವರಲ್ಲಿ ಸುಮಾರು 47 ಸಾವಿರ ಮಕ್ಕಳು ಭಾರತದವರು.

ಚಕ್ರ ಕಂಡದ್ದು ಹೀಗೆ

1973ರವರೆಗೆ ಇಂತಹ ಭೇದಿಗೆ ಕಾರಣವೇ ಗೊತ್ತಿರಲಿಲ್ಲ. ಮಲವನ್ನು ಎಷ್ಟು ಪರೀಕ್ಷಿಸಿದರೂ ಬಹುಪಾಲು ಮಕ್ಕಳಲ್ಲಿ ಯಾವ ಬ್ಯಾಕ್ಟೀರಿಯಾವೂ ಸಿಗುತ್ತಿರಲಿಲ್ಲ. ಆ ವರ್ಷ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣ ಕರುಳಿನ ಒಳಪೊರೆಯ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಜೀವಕೋಶಗಳ ತುಂಬ ದುಂಡನೆಯ ಕಣಗಳು. ನಡುವೆ ಗುಂಬ, ಸುತ್ತ ಅರೆಕಾಲು, ಅಂಚಿಗೆ ಪಟ್ಟಿ ಇದ್ದ ಹಾಗೆ, ಥೇಟ್ ಗಾಡಿಯ ಚಕ್ರ! ಮರುವರ್ಷ ಇಂಗ್ಲೆಂಡಿನ ಥಾಮಸ್ ಫ್ಲೆವೆಟ್ ಇದಕ್ಕೆ ರೋಟಾ ಎಂಬ ಹೆಸರನ್ನು ಸೂಚಿಸಿದರು. ಲ್ಯಾಟಿನ್ ಭಾಷೆಯಲ್ಲಿ ರೋಟಾ ಎಂದರೆ ಚಕ್ರ. ನಮ್ಮ 'ರಥ' ಎಂಬ ಪದವೂ ಈ 'ರೋಟಾ'ವೂ ಒಂದೇ ಬೇರಿನಿಂದ ಹುಟ್ಟಿದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಈ ಚಕ್ರದ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಮೂರು ಪದರದ ಕವಚ. ಅದರೊಳಗೆ ಆರ್‌ಎನ್‌ಎ ಎಂಬ ಅನುವಂಶಿಕ ವಸ್ತುವಿನ 11 ತುಣುಕುಗಳು. ಕಥೆಯಲ್ಲಿ ಮುಂದೆ ಬೆಂಗಳೂರು ಬರುವಾಗ ಈ 11ರ ಸಂಖ್ಯೆ ಬೇಕಾಗುತ್ತದೆ, ನೆನಪಿರಲಿ.

ಕರುಳಿನಲ್ಲಿ ನಡೆಯುವುದೇನು?

ಸಣ್ಣ ಕರುಳಿನ ಒಳಗೋಡೆ ನಯವಾಗಿಲ್ಲ. ಟವೆಲ್ಲಿನ ಮೇಲಿನ ಎಳೆಗಳಂತೆ ಕೋಟ್ಯಂತರ ಸೂಕ್ಷ್ಮ ಬೆರಳುಗಳು ಅಲ್ಲಿ ಎದ್ದು ನಿಂತಿವೆ. ಉಂಡ ಆಹಾರದ ಸಾರವನ್ನೂ ನೀರನ್ನೂ ಹೀರುವುದು ಈ ಬೆರಳುಗಳ ತುದಿಯ ಜೀವಕೋಶಗಳು. ರೋಟಾವೈರಸ್ ದಾಳಿ ಮಾಡುವುದು ಸರಿಯಾಗಿ ಆ ತುದಿಗೇ. ಹೀರುವ ಜೀವಕೋಶಗಳು ಸತ್ತು ಉದುರುತ್ತವೆ. ಜೊತೆಗೆ ವೈರಸ್ಸಿನ ಒಂದು ಪ್ರೋಟೀನು ತಾನೇ ವಿಷದಂತೆ ವರ್ತಿಸಿ, ಕರುಳು ನೀರನ್ನು ಹೊರಕ್ಕೆ ಸುರಿಸುವಂತೆ ಮಾಡುತ್ತದೆ ಎಂಬುದು 1996ರಲ್ಲಿ ತಿಳಿದುಬಂತು. ಒಂದು ಕಡೆ ಹೀರಿಕೆ ನಿಂತಿತು, ಇನ್ನೊಂದು ಕಡೆ ಸೋರಿಕೆ ಹೆಚ್ಚಿತು. ಇದೇ ಆ ನೀರಿನಂಥ ಭೇದಿ.

ಸೋಂಕು ತಗಲಿದ ಸುಮಾರು ಎರಡು ದಿನಕ್ಕೆ ಜ್ವರ, ವಾಂತಿ ಕಾಣಿಸಿಕೊಳ್ಳುತ್ತವೆ. ಬೆನ್ನಿಗೇ ಭೇದಿ ಬಂದು ಮೂರರಿಂದ ಎಂಟು ದಿನ ಕಾಡುತ್ತದೆ. ಕಾಯಿಲೆಯ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಹೆಚ್ಚು ವೈರಸ್ ಕಣಗಳಿರಬಹುದು. ಇನ್ನೊಂದು ಮಗುವಿಗೆ ರೋಗ ತಗಲಲು ನೂರು ಕಣಗಳೂ ಬೇಕಿಲ್ಲ. ಆಟದ ಸಾಮಾನು, ಬಾಗಿಲ ಚಿಲಕ, ಬಟ್ಟೆಗಳ ಮೇಲೆ ಇದು ದಿನಗಟ್ಟಲೆ ಬದುಕಿರುತ್ತದೆ. ಕುದಿಸಿ ಆರಿಸಿದ ನೀರನ್ನೇ ಕುಡಿಸುವ ಮನೆಯಲ್ಲೂ ಮಗುವಿಗೆ ಇದು ಬರುವುದು ಈ ಕಾರಣದಿಂದಲೇ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಇದರ ಹಾವಳಿ ಎದ್ದು ಕಾಣುತ್ತದೆ. ನಮ್ಮ ದಕ್ಷಿಣದಲ್ಲಿ ವರ್ಷವಿಡೀ ಇರುತ್ತದೆ.

ಇದಕ್ಕೆ ಸೋದರ ಸಂಬಂಧಿಗಳಲ್ಲದಿದ್ದರೂ ಸಹೋದ್ಯೋಗಿಗಳು ಎನ್ನಬಹುದಾದ ವೈರಸ್‌ಗಳು ಇನ್ನೂ ಇವೆ. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಪಟ್ಟಣದ ಒಂದು ಶಾಲೆಯಲ್ಲಿ ಮಕ್ಕಳೂ ಮೇಷ್ಟರೂ ಒಟ್ಟಿಗೆ ವಾಂತಿ ಮಾಡಿಕೊಂಡರು. ಅದಕ್ಕೆ ಕಾರಣವಾದ ವೈರಸ್ 1972ರಲ್ಲಿ ಸಿಕ್ಕಿತು. ಅದೇ ಇಂದಿನ ನೋರೊವೈರಸ್. ನಕ್ಷತ್ರದಾಕಾರದ ಆಸ್ಟ್ರೋವೈರಸ್, ಅಡೆನೋವೈರಸ್ಸಿನ 40 ಮತ್ತು 41ನೆಯ ಬಗೆಗಳು ಇದೇ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಒಂದಕ್ಕೂ ಆಂಟಿಬಯೋಟಿಕ್ ಔಷಧಿ ನಾಟುವುದಿಲ್ಲ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಿ. ವೈರಸ್ಸಿಗೆ ಅದನ್ನು ಕೊಟ್ಟರೆ ವೈರಸ್ ಸಾಯದು. ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾ ಸತ್ತು ಭೇದಿ ಇನ್ನಷ್ಟು ಹೆಚ್ಚಬಹುದು.

ಬೆಂಗಳೂರಿನ ಬಾಣಂತಿ ವಾರ್ಡಿನಲ್ಲಿ

ಈಗ ನಮ್ಮ ಊರಿನ ಕಥೆಗೆ ಬರೋಣ. ನವಜಾತ ಶಿಶುಗಳ ವಿಚಾರದಲ್ಲಿ ಈ ವೈರಸ್ ಒಂದು ಒಗಟನ್ನು ಒಡ್ಡಿತ್ತು. ಹುಟ್ಟಿ ನಾಲ್ಕಾರು ದಿನವಾದ ಕೆಲವು ಕೂಸುಗಳ ಮಲದಲ್ಲಿ ರೋಟಾವೈರಸ್ ಸಿಗುತ್ತದೆ, ಆದರೆ ಕೂಸಿಗೆ ಭೇದಿಯೂ ಇಲ್ಲ, ವಾಂತಿಯೂ ಇಲ್ಲ. ಹಾಲು ಕುಡಿದು ಹಾಯಾಗಿ ಮಲಗಿರುತ್ತದೆ. ಹೀಗೆ ಹುಟ್ಟಿದಾಗಲೇ ಸೋಂಕು ತಗಲಿಸಿಕೊಂಡ ಕೂಸುಗಳಿಗೆ ಮುಂದೆ ಅದೇ ವೈರಸ್ ಬಂದರೂ ಕಾಯಿಲೆ ಅಷ್ಟು ತೀವ್ರವಾಗುವುದಿಲ್ಲ ಎಂಬುದನ್ನು ರೂತ್ ಬಿಷಪ್ ಅವರ ತಂಡವೇ 1983ರಲ್ಲಿ ತೋರಿಸಿತ್ತು.

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಿ. ದುರ್ಗಾರಾವ್ ಅವರ ತಂಡ ನಗರದ ಮಕ್ಕಳ ವೈದ್ಯರ ಜೊತೆಗೂಡಿ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಇದೇ ಒಗಟನ್ನು ಬೆನ್ನಟ್ಟಿತು. ವಿಧಾನ ಸರಳವಾದದ್ದು. ವೈರಸ್ಸಿನ 11 ಆರ್‌ಎನ್‌ಎ ತುಣುಕುಗಳನ್ನು ಅಂಟುಪದಾರ್ಥದ ಹಾಳೆಯೊಂದರಲ್ಲಿ ವಿದ್ಯುತ್ ಹರಿಸಿ ಓಡಿಸುತ್ತಾರೆ. ಚಿಕ್ಕ ತುಣುಕು ಬೇಗ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಕೊನೆಗೆ 11 ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಮೂಡುತ್ತವೆ. ಮನುಷ್ಯರ ರೋಟಾವೈರಸ್‌ಗಳಲ್ಲಿ ಈ ಗೆರೆಗಳ ವಿನ್ಯಾಸಕ್ಕೂ ವೈರಸ್ಸಿನ ಒಳಕವಚದ ಗುಣಕ್ಕೂ ಒಂದು ಜೋಡಿ ಇರುತ್ತದೆ. ಬೆಂಗಳೂರಿನ ಕೂಸುಗಳ ವೈರಸ್ಸಿನಲ್ಲಿ ಆ ಜೋಡಿ ತಪ್ಪಿತ್ತು. ಅಂಥ ಹೊಂದಾಣಿಕೆ ಕಾಣುವುದು ಸಾಮಾನ್ಯವಾಗಿ ಪ್ರಾಣಿಗಳ ವೈರಸ್ಸಿನಲ್ಲಿ!

ಐ321 ಎಂದು ಹೆಸರಿಟ್ಟ ಈ ಬಗೆಯನ್ನು ಇನ್ನಷ್ಟು ಕೂಲಂಕಷವಾಗಿ ನೋಡಿದಾಗ ಗುಟ್ಟು ರಟ್ಟಾಯಿತು. ಅದರ 11 ತುಣುಕುಗಳಲ್ಲಿ ಒಂಬತ್ತು ದನದ ರೋಟಾವೈರಸ್ಸಿನವು. ಎರಡು ಮಾತ್ರ ಮನುಷ್ಯರ ವೈರಸ್ಸಿನವು. 1990ರ ದಶಕದ ಆರಂಭದಲ್ಲಿ ಈ ವಿವರಗಳು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾದವು.

ಇದು ಸಾಧ್ಯವಾದದ್ದು ಹೇಗೆ? ಒಂದೇ ಜೀವಕೋಶದೊಳಗೆ ಎರಡು ಬಗೆಯ ರೋಟಾವೈರಸ್ ಹೊಕ್ಕರೆ, ಎರಡು ಕಟ್ಟು ಇಸ್ಪೀಟೆಲೆಗಳನ್ನು ಕಲಸಿದ ಹಾಗೆ ಅವುಗಳ ತುಣುಕುಗಳು ಬೆರೆತು ಹೊಸ ಕಟ್ಟು ತಯಾರಾಗುತ್ತದೆ. ಮನೆಯ ಒಂದು ಪಕ್ಕದಲ್ಲಿ ಕೊಟ್ಟಿಗೆ, ಇನ್ನೊಂದು ಪಕ್ಕದಲ್ಲಿ ತೊಟ್ಟಿಲು ಇರುವ ನಮ್ಮಂಥ ನಾಡಿನಲ್ಲಿ ದನದ ವೈರಸ್ಸೂ ಮನುಷ್ಯರ ವೈರಸ್ಸೂ ಎಂದೋ ಸಂಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಹಸುವಿನ ಹಾಲಿನಿಂದ ಭೇದಿ ಬರುತ್ತದೆ ಎಂದು ಯಾರೂ ಹೆದರಬೇಕಿಲ್ಲ. ಕಾಯಿಸಿದ ಹಾಲಿಗೂ ಈ ಕಥೆಗೂ ಸಂಬಂಧವಿಲ್ಲ.

ಇದು ನವಜಾತ ಶಿಶುಗಳನ್ನೇ ಏಕೆ ಹುಡುಕಿಕೊಂಡು ಬರುತ್ತದೆ ಎಂಬುದಕ್ಕೂ ಉತ್ತರ ಸಿಕ್ಕಿದೆ. ಈ ಬಗೆಯ ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳಲು ಹಿಡಿಯುವುದು ಒಂದು ನಿರ್ದಿಷ್ಟ ಸಕ್ಕರೆಸರಪಳಿಯನ್ನು. ಎಳೆಗೂಸಿನ ಕರುಳಿನಲ್ಲಿ ಆ ಸರಪಳಿ ಹೇರಳ, ಮಗು ಬೆಳೆದಂತೆ ಅದರ ರೂಪ ಬದಲಾಗುತ್ತದೆ ಎಂದು 2013ರ ಸುಮಾರಿಗೆ ಪ್ರಕಟವಾದ ಸಂಶೋಧನೆಗಳು ತೋರಿಸಿದವು.

ಗೆದ್ದದ್ದು ದೆಹಲಿಯ ವೈರಸ್

ಕಾಯಿಲೆ ತರದ, ಆದರೆ ರಕ್ಷಣೆ ಕೊಡಬಹುದಾದ ವೈರಸ್ ಎಂದರೆ ಲಸಿಕೆಗೆ ಹೇಳಿ ಮಾಡಿಸಿದ ವಸ್ತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬಿಗೆ ಮದ್ದು ಹುಡುಕಿದ್ದೂ ಗೋಸಿಡುಬಿನಲ್ಲೇ ಅಲ್ಲವೇ? ವ್ಯಾಕ್ಸಿನ್ ಎಂಬ ಪದದ ಮೂಲವೇ ಲ್ಯಾಟಿನ್ನಿನ ಹಸು. ಬೆಂಗಳೂರಿನ ಐ321 ಜೊತೆಗೆ ಇನ್ನೊಂದು ಉಮೇದುವಾರಿಯೂ ಇತ್ತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ. ಎಂ.ಕೆ. ಭಾನ್ ಅವರ ತಂಡ 1980ರ ದಶಕದ ಮಧ್ಯದಲ್ಲಿ ನವಜಾತ ಶಿಶುಗಳಲ್ಲಿ ಗುರುತಿಸಿದ್ದ 116ಇ ಎಂಬ ಬಗೆ. ಅದರಲ್ಲಿ 10 ತುಣುಕು ಮನುಷ್ಯರ ವೈರಸ್ಸಿನವು, ಒಂದು ಮಾತ್ರ ದನದ್ದು.

ಇವೆರಡನ್ನೂ ಎಂಟು ವಾರದ ಆರೋಗ್ಯವಂತ ಶಿಶುಗಳಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಹೊರಬಂತು. ಎರಡೂ ಸುರಕ್ಷಿತವಾಗಿದ್ದವು. ಆದರೆ 116ಇ ಪಡೆದವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಶಿಶುಗಳ ರಕ್ತದಲ್ಲಿ ಪ್ರತಿಕಾಯಗಳು ಗಣನೀಯವಾಗಿ ಏರಿದವು. ಐ321 ಪಡೆದವರಲ್ಲಿ ಈ ಸಂಖ್ಯೆ 40ರ ಹತ್ತಿರಕ್ಕೇ ನಿಂತಿತು. ಬೆಂಗಳೂರಿನ ವೈರಸ್ ಲಸಿಕೆಯಾಗಲಿಲ್ಲ. ಅದೇ ಗುಂಪಿನ ದನದ ಮೂಲದ ಬಗೆ ವೆಲ್ಲೂರಿನಲ್ಲೂ ಸಿಕ್ಕಿತ್ತು. ಅಲ್ಲಿ ಹುಟ್ಟಿದಾಗ ಅದರ ಸೋಂಕು ತಗಲಿದ್ದ ಮಕ್ಕಳಿಗೆ ಮುಂದಿನ ಸೋಂಕುಗಳಿಂದ ರಕ್ಷಣೆ ಸಿಕ್ಕಿರಲಿಲ್ಲ ಎಂದು 2007ರಲ್ಲಿ ತಿಳಿದುಬಂತು. ಹಾಗೆಂದು ಇಲ್ಲಿಯ ಕೆಲಸ ವ್ಯರ್ಥವಾಯಿತೆನ್ನಲಾಗದು. ಯಾವುದು ಸಾಲದು ಎಂದು ತಿಳಿದುಕೊಳ್ಳುವುದೂ ವಿಜ್ಞಾನವೇ.

ಗೆದ್ದ 116ಇ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಯ ಕೈಯಲ್ಲಿ 'ರೋಟಾವ್ಯಾಕ್' ಎಂಬ ಹನಿಮದ್ದಾಯಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ಸುಮಾರು 6,800 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ತೀವ್ರ ರೋಟಾವೈರಸ್ ಭೇದಿಯನ್ನು ಅದು ಮೊದಲ ವರ್ಷ ನೂರಕ್ಕೆ ಸುಮಾರು 56ರಷ್ಟು ತಗ್ಗಿಸಿತು. ಒಂದು ಡೋಸಿಗೆ ಒಂದು ಡಾಲರ್ ಎಂಬುದು ಆಗ ಘೋಷಿಸಿದ ಬೆಲೆ. 2016ರ ಮಾರ್ಚಿನಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ಈ ಲಸಿಕೆ 2019ರ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ದೇಶದ ಎಲ್ಲ ರಾಜ್ಯಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಪುಣೆಯ ಸೀರಮ್ ಸಂಸ್ಥೆಯ 'ರೋಟಾಸಿಲ್' ಎಂಬ ಇನ್ನೊಂದು ಲಸಿಕೆಯೂ ಕಾರ್ಯಕ್ರಮದಲ್ಲಿದೆ. ಅದನ್ನು ತಯಾರಿಸಿರುವುದು ದನದ ರೋಟಾವೈರಸ್ಸಿಗೆ ಮನುಷ್ಯರ ವೈರಸ್ಸಿನ ಹೊರಕವಚದ ಜೀನನ್ನು ಸೇರಿಸಿ. ಅಂತೂ ಹಸುವಿನ ಋಣ ತಪ್ಪಲಿಲ್ಲ!

ಅರ್ಧ ರಕ್ಷಣೆಯ ಅರ್ಥ

"ನೂರಕ್ಕೆ ಐವತ್ತು ಅಂಕ ಅಂದರೆ ಸೆಕೆಂಡ್ ಕ್ಲಾಸು ತಾನೇ ಮೇಷ್ಟ್ರೇ? ಇಂಥ ಲಸಿಕೆ ಯಾಕೆ?" ಎಂದು ಪೋಷಕರು ಕೇಳುವುದುಂಟು. ಲೆಕ್ಕ ಹಾಕಿ ನೋಡೋಣ. ಲಸಿಕೆ ಬರುವ ಮುಂಚೆ ಈ ಒಂದು ವೈರಸ್ಸಿನಿಂದ ಭಾರತದಲ್ಲಿ ವರ್ಷಕ್ಕೆ ಆಸ್ಪತ್ರೆ ಸೇರುತ್ತಿದ್ದ ಮಕ್ಕಳು 8 ಲಕ್ಷ 70 ಸಾವಿರಕ್ಕೂ ಹೆಚ್ಚು ಎಂದು ಅಂದಾಜು ಮಾಡಲಾಗಿತ್ತು. ಅದರಲ್ಲಿ ಅರ್ಧ ತಪ್ಪಿದರೂ ಎಷ್ಟು ಸಾವಿರ ಮನೆಗಳ ಸಂಕಟ ತಪ್ಪಿದಂತಾಯಿತು! ಒಂಬತ್ತು ರಾಜ್ಯಗಳ ಆಸ್ಪತ್ರೆಗಳಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನೇ ಹೇಳಿದೆ. ಭೇದಿಯಿಂದ ದಾಖಲಾದ ಮಕ್ಕಳಲ್ಲಿ ರೋಟಾವೈರಸ್ಸಿನ ಪಾಲು ನೂರಕ್ಕೆ 40ರಿಂದ ಸುಮಾರು 20ಕ್ಕೆ ಇಳಿದಿದೆ.

ಆದರೂ ಉಳಿದ ಅರ್ಧ ಇದ್ದೇ ಇದೆ. ಜೊತೆಗೆ ನೋರೊ, ಅಡೆನೋ, ಆಸ್ಟ್ರೋಗಳಿಗೆ ನಮ್ಮ ಕಾರ್ಯಕ್ರಮದಲ್ಲಿ ಲಸಿಕೆಯೇ ಇಲ್ಲ. ಹಾಗಾಗಿ ಲಸಿಕೆ ಹಾಕಿಸಿದ ತಾಯಿಯೂ ಎರಡನೆಯ ಆಯುಧವನ್ನು ಕೈಯಲ್ಲಿ ಹಿಡಿದಿರಲೇಬೇಕು. ಅದೇ ಓಆರ್‌ಎಸ್, ಕನ್ನಡದಲ್ಲಿ ಜೀವಜಲ.

ಉಪ್ಪು, ಸಕ್ಕರೆ, ನೀರು

ಭೇದಿಯಿಂದ ಮಗು ಸಾಯುವುದು ವೈರಸ್ಸಿನಿಂದಲ್ಲ, ಮೈಯ ನೀರೂ ಲವಣವೂ ಬತ್ತಿಹೋಗುವುದರಿಂದ. ಕರುಳಿನ ಜೀವಕೋಶದಲ್ಲಿ ಒಂದು ವಿಶೇಷ ಬಾಗಿಲಿದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಆ ಬಾಗಿಲು ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಬರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ವಿವರಿಸಿದ ಈ ವ್ಯವಸ್ಥೆ ಭೇದಿಯಾಗುವಾಗಲೂ ಪೂರ್ತಿ ಕೆಡುವುದಿಲ್ಲ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸುಗಳ ದ್ರಾವಣವನ್ನು ಪೀಪಾಯಿಗಳಲ್ಲಿ ತುಂಬಿಸಿ ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರ ಸಮೀಪವಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಕಾಲರಾಕ್ಕೆ ಒದಗಿದ ಈ ತತ್ವವೇ ವೈರಸ್ ಭೇದಿಗೂ ಒದಗುತ್ತದೆ. ಒಂದು ಲೀಟರಿಗೆಂದು ಬರುವ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಒಮ್ಮೆಗೇ ಬೆರೆಸಬೇಕು. ಅರ್ಧ ಪೊಟ್ಟಣ, ಅಂದಾಜಿನ ಲೋಟ ಕೂಡದು. ಕದಡಿದ ನೀರನ್ನು 24 ಗಂಟೆಯ ನಂತರ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕೂ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಮತ್ತೆ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ ಒಳ್ಳೆಯವು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದೊಂದನ್ನೇ ನಂಬಬಾರದು. ಬರೀ ಗ್ಲೂಕೋಸ್ ಪುಡಿ, ಅಂಗಡಿಯ ಸಿಹಿ ಪಾನೀಯಗಳು ಭೇದಿಯನ್ನು ಹೆಚ್ಚಿಸಬಹುದು. ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದ್ದು ಇದಕ್ಕಾಗಿಯೇ.

ಹೊಟ್ಟೆಗೆ ವಿಶ್ರಾಂತಿ ಎಂದು ಮಗುವನ್ನು ಉಪವಾಸ ಕೆಡವಬಾರದು. ಎದೆಹಾಲು ಒಂದು ಹೊತ್ತೂ ತಪ್ಪಬಾರದು. ಅನ್ನ ತಿನ್ನುವ ಮಗುವಿಗೆ ಮೆತ್ತಗಿನ ಅನ್ನ, ಬೇಳೆಕಟ್ಟು, ಬಾಳೆಹಣ್ಣು ಕೊಡಬಹುದು. ಜೊತೆಗೆ 14 ದಿನ ಜಿಂಕ್ ಮಾತ್ರೆ ಕೊಡಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂ. ಭೇದಿ ನಿಂತಿತೆಂದು ಮಧ್ಯದಲ್ಲೇ ಬಿಡಬೇಡಿ.

ನಮ್ಮ ಅಜ್ಜಿಯರು "ನೆತ್ತಿ ಬಿದ್ದಿದೆ" ಎನ್ನುತ್ತಿದ್ದರಲ್ಲ, ಆ ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಳೆಮಗುವಿನ ನೆತ್ತಿ ಗುಳಿಬಿದ್ದಿತೆಂದರೆ ಮೈಯಲ್ಲಿ ನೀರು ಬತ್ತಿದೆ ಎಂದೇ ಅರ್ಥ. ಅವರು ನೋಡಿದ್ದು ಸರಿ. ನೆತ್ತಿಗೆ ಎಣ್ಣೆ ಒತ್ತಿದ ಮಾತ್ರಕ್ಕೆ ಅದು ಸರಿಹೋಗದು, ಅಷ್ಟೆ. ಕಣ್ಣು ಒಳಸೇರುವುದು, ಅತ್ತರೂ ಕಣ್ಣೀರು ಬಾರದಿರುವುದು, ಆರೆಂಟು ಗಂಟೆ ಮೂತ್ರ ಹೋಗದಿರುವುದು, ಹೊಟ್ಟೆಯ ಚರ್ಮವನ್ನು ಹಿಡಿದು ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಹೋಗುವುದು, ಮಗು ಮಂಕಾಗುವುದು, ಕೊಟ್ಟದ್ದನ್ನೆಲ್ಲ ವಾಂತಿ ಮಾಡುವುದು, ಮಲದಲ್ಲಿ ರಕ್ತ ಕಾಣುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ ಜೀವಜಲ ಕುಡಿಸುತ್ತಿರಬೇಕು.

ರೋಟಾ ಹನಿಯನ್ನು ಮಗುವಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಾದಾಗ, ಎಂದರೆ 6, 10 ಮತ್ತು 14ನೆಯ ವಾರಗಳಲ್ಲಿ, ಬಾಯಿಗೆ ಹಾಕುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಲಸಿಕೆ ಪಡೆದ ನಂತರ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವ ತೊಂದರೆ ತೀರಾ ಅಪರೂಪಕ್ಕೆ ಬರಬಹುದು. ಮಗು ಬಿಟ್ಟು ಬಿಟ್ಟು ಚೀರಿ ಅಳುವುದು, ಮಲದಲ್ಲಿ ರಕ್ತ ಬರುವುದು ಅದರ ಗುರುತು. ಕೂಡಲೇ ವೈದ್ಯರಿಗೆ ತೋರಿಸಬೇಕು. ತಾಯಿ ಕಾರ್ಡಿನಲ್ಲಿ ರೋಟಾ ಎಂಬ ಸಾಲಿನ ಎದುರು ಮೂರು ತಾರೀಕುಗಳು ತುಂಬಿವೆಯೇ ಎಂದು ಇವತ್ತೇ ನೋಡಿ. ತುಂಬಿಲ್ಲದಿದ್ದರೆ, ಮಗುವಿಗೆ ವರ್ಷ ತುಂಬುವ ಮೊದಲೇ ಬಡಾವಣೆಯ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯನ್ನೋ ವಿಚಾರಿಸಿ. ಎರಡು ಪೊಟ್ಟಣ ಓಆರ್‌ಎಸ್ ಯಾವಾಗಲೂ ಮನೆಯಲ್ಲಿರಲಿ.